ಮಗನಿಗೆ 11 ವರ್ಷ, 58 ಕೆ.ಜಿ. ಇಸಿಜಿ, ಎಕೋ ಎರಡೂ ನಾರ್ಮಲ್. ಹೃದಯದ ಚಿಂತೆ ಬಿಡಬಹುದಾ?

ಹಾಸನದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗ ಆರನೇ ಕ್ಲಾಸು. ಎತ್ತರ 146 ಸೆಂ.ಮೀ., ತೂಕ 58 ಕೆ.ಜಿ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿ ದಿನಾ ಬರ್ತಿತ್ತಲ್ಲ, ಆಗಿನಿಂದ ಮನೆಯಲ್ಲಿ ಒಂಥರಾ ಭಯ ಕೂತುಬಿಟ್ಟಿದೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ತಪಾಸಣೆಗೆ ಸಾಲು ನಿಂತಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ನಮ್ಮ ಯಜಮಾನರ ಅಣ್ಣನಿಗೆ 41ಕ್ಕೇ ಸ್ಟೆಂಟ್ ಹಾಕಿದ್ದಾರೆ. ಹಾಗಾಗಿ ಮಗನಿಗೂ ಒಂದು ಸಲ ಎಲ್ಲಾ ಟೆಸ್ಟ್ ಮಾಡಿಸೋಣ ಅಂತ ಇಲ್ಲೇ ಒಂದು ಕಡೆ ಹೋಗಿದ್ದೆವು.

ಇಸಿಜಿ ನಾರ್ಮಲ್, ಎಕೋ ನಾರ್ಮಲ್. ರಕ್ತದ ರಿಪೋರ್ಟ್ ಹೀಗಿದೆ: ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 148, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟರಾಲ್) 37, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 112, ಖಾಲಿ ಹೊಟ್ಟೆಯ ಶುಗರ್ 94, ಎಸ್‌ಜಿಪಿಟಿ (ಲಿವರ್ ಟೆಸ್ಟ್) 41. ಎಚ್‌ಡಿಎಲ್ ಮುಂದೆ ಮಾತ್ರ ಒಂದು ಸ್ಟಾರ್ ಗುರುತಿದೆ. ಬಿಪಿ 118/78. ಅಲ್ಲಿದ್ದವರು ‘ಏನೂ ಇಲ್ಲ, ಸ್ವಲ್ಪ ಎಣ್ಣೆ ಪದಾರ್ಥ ಕಡಿಮೆ ಮಾಡಿ’ ಅಂತ ಹೇಳಿ ಕಳಿಸಿದರು.

ನನಗೆ ಮಾತ್ರ ಸಮಾಧಾನ ಇಲ್ಲ. ಇವನು ಹುಟ್ಟಿದಾಗ 2.2 ಕೆ.ಜಿ. ಇದ್ದ. ಕಡ್ಡಿ ಥರ ಇದ್ದಾನೆ ಅಂತ ಎಲ್ಲರೂ ತಿನ್ನಿಸಿ ತಿನ್ನಿಸಿ ಬೆಳೆಸಿದರು. ನಾಲ್ಕು ವರ್ಷಕ್ಕೇ ಗುಂಡುಗುಂಡಾದ. ಈಗ ಕುತ್ತಿಗೆ ಹಿಂದೆ ಕಪ್ಪಗೆ ಪಟ್ಟಿ ಬಂದಿದೆ. ನಮ್ಮ ಅತ್ತೆ ಕೊಳೆ ಅಂತ ಭಾನುವಾರ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜುತ್ತಾರೆ. ಅದು ಹೋಗ್ತಿಲ್ಲ, ಮಗು ಉರಿ ಅಂತ ಅಳುತ್ತೆ. ಏನಾದರೂ ಹೇಳಿದರೆ ‘ಬೆಳೆಯೋ ಮಗು ಕಣೇ, ಉದ್ದ ಆದರೆ ಸರಿಹೋಗುತ್ತೆ, ತಿನ್ನೋದಕ್ಕೆ ಕಣ್ಣು ಹಾಕಬೇಡ’ ಅಂತಾರೆ.

ದಿನ ಹೇಗಿರುತ್ತೆ ಅಂದರೆ, ಬೆಳಗ್ಗೆ 7.45ಕ್ಕೆ ವ್ಯಾನ್. ಅದಕ್ಕೆ ಮುಂಚೆ ಪುಡಿ, ಸಕ್ಕರೆ ಹಾಕಿದ ಹಾಲು, ಚಿತ್ರಾನ್ನ ಇಲ್ಲಾ ದೋಸೆ. ಸಂಜೆ 4.30ಕ್ಕೆ ಬಂದು ಮತ್ತೆ ಹಾಲು, ಬಿಸ್ಕೆಟ್. 5.30ರಿಂದ 8ರ ತನಕ ಟ್ಯೂಷನ್. ಅಲ್ಲಿಂದ ಬರುವಾಗ ಬೇಕರಿ. ಹಾಸನದಲ್ಲಿ ಬೇಕರಿಗೇನು ಕಡಿಮೆ, ಹೇಳಿ. ರಾತ್ರಿ ಊಟ 9.30, ಮಲಗೋದು 11 ದಾಟುತ್ತೆ. ಶಾಲೆಯಲ್ಲಿ ಆಟದ ಪೀರಿಯಡ್ ವಾರಕ್ಕೆ ಎರಡು. ಅದರಲ್ಲೂ ಒಂದನ್ನು ಗಣಿತಕ್ಕೆ ತಗೊಳ್ತಾರೆ.

ಇಷ್ಟು ಚಿಕ್ಕ ವಯಸ್ಸಿಗೆ ರಕ್ತನಾಳಕ್ಕೆ ನಿಜವಾಗಲೂ ಏನಾದರೂ ಆಗುತ್ತಾ? ಆಗಿದ್ದರೆ ವಾಪಸ್ ಬರುತ್ತಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಚನ್ನರಾಯಪಟ್ಟಣದವನು:

ಮೇಡಂ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ನಾನೂ ಏಳನೇ ಕ್ಲಾಸಿನ ತನಕ ಡುಮ್ಮ. ಹೈಸ್ಕೂಲಿಗೆ ಬಂದ ಮೇಲೆ ಸೈಕಲ್ಲು, ಹೊಲದ ಕೆಲಸ, ಎರಡು ವರ್ಷಕ್ಕೆ ಇಳಿದುಹೋದೆ. ಈಗ 36, ಎಲ್ಲಾ ರಿಪೋರ್ಟ್ ಚೆನ್ನಾಗಿದೆ. ಮಕ್ಕಳನ್ನು ಆಸ್ಪತ್ರೆ ಆಸ್ಪತ್ರೆ ಅಲೆಸಿದರೆ ಅವರಿಗೇ ಭಯ ಹತ್ತುತ್ತೆ.

ಮಕ್ಕಳ ಡಾಕ್ಟರ್, ದಾವಣಗೆರೆ:

ನೋಡಿ ಅಮ್ಮಾ, ನಿಮಗೆ ಸಮಾಧಾನ ಆಗದೇ ಇದ್ದದ್ದು ಒಳ್ಳೆಯದೇ ಆಯಿತು. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮಕ್ಕಳನ್ನೇ ನೋಡುತ್ತಿದ್ದೇನೆ. ಶುರು ಮಾಡಿದಾಗ ತಾಯಂದಿರು ‘ಮಗು ತೂಕ ಬರ್ತಿಲ್ಲ’ ಅಂತಲೇ ಬರುತ್ತಿದ್ದರು. ಈಗ ಸಂಜೆ ಕ್ಲಿನಿಕ್ಕಿನಲ್ಲಿ ನಿಮ್ಮ ಮಗನಂಥವರು ದಿನಾ ಸಿಗುತ್ತಾರೆ. ಅವರಲ್ಲಿ ಬಹಳ ಜನ ಬರೋದು ಕೆಮ್ಮು, ಜ್ವರಕ್ಕೆ. ತೂಕದ ವಿಷಯ ನಾನೇ ಎತ್ತಬೇಕು.

ಮೊದಲು ಇಸಿಜಿ ವಿಷಯ. ಇಸಿಜಿ ಹೃದಯದ ಬಡಿತದ ಲಯ ತೋರಿಸುತ್ತೆ. ಎಕೋ ಪಂಪ್, ಕವಾಟ, ಗೋಡೆ ತೋರಿಸುತ್ತೆ. ರಕ್ತನಾಳದ ಒಳಪದರದಲ್ಲಿ ಕೊಬ್ಬು ಕೂರಲು ಶುರುವಾಗಿದೆಯಾ ಅನ್ನೋದನ್ನು ಎರಡೂ ತೋರಿಸುವುದಿಲ್ಲ. ದೊಡ್ಡವರಲ್ಲೇ ನಾಳ ಬಹಳಷ್ಟು ಕಟ್ಟಿಕೊಂಡಿದ್ದರೂ ಕೂತಲ್ಲಿ ತೆಗೆದ ಇಸಿಜಿ ನಾರ್ಮಲ್ ಬರಬಹುದು. ಹಾಗಾಗಿ ಆ ಎರಡು ಕಾಗದವನ್ನು ಪಕ್ಕಕ್ಕಿಡಿ. ನಿಮ್ಮ ಮಗನ ಕಥೆ ಇರೋದು ರಕ್ತದ ರಿಪೋರ್ಟಿನಲ್ಲಿ, ಸೊಂಟದಲ್ಲಿ, ಕುತ್ತಿಗೆಯಲ್ಲಿ.

ರಿಪೋರ್ಟಿನಲ್ಲಿ ಎಚ್‌ಡಿಎಲ್ ಬಿಟ್ಟು ಬೇರೆ ಯಾವುದಕ್ಕೂ ಸ್ಟಾರ್ ಬಿದ್ದಿಲ್ಲ ಅಂದಿರಿ. ಲ್ಯಾಬಿನವರು ಬಲಗಡೆ ಅಚ್ಚು ಹಾಕುವ ಅಂಕಿ ದೊಡ್ಡವರದ್ದು. ಟ್ರೈಗ್ಲಿಸರೈಡ್ 150ರ ತನಕ ಪರವಾಗಿಲ್ಲ ಅನ್ನೋದು ನಿಮಗೆ, ನನಗೆ. 10ರಿಂದ 19 ವರ್ಷದವರಿಗೆ 90ರ ಒಳಗಿರಬೇಕು, 130 ಮುಟ್ಟಿದರೆ ಜಾಸ್ತಿ. ಇವನದ್ದು 148. ಎಲ್‌ಡಿಎಲ್ ಮಕ್ಕಳಿಗೆ 110ರ ಒಳಗೆ, ಇವನದ್ದು 112, ಅಂಚಿನಲ್ಲಿದೆ. ಎಚ್‌ಡಿಎಲ್ 45ಕ್ಕಿಂತ ಮೇಲಿದ್ದರೆ ಚೆನ್ನ, 40ಕ್ಕಿಂತ ಕೆಳಗೆ ಕಡಿಮೆ. ಎಸ್‌ಜಿಪಿಟಿ ಹುಡುಗರಲ್ಲಿ 26ರ ಆಸುಪಾಸಿಗಿಂತ ಮೇಲೆ ಹೋದರೆ ನಾವು ಲಿವರ್‌ನಲ್ಲಿ ಕೊಬ್ಬು ಇರಬಹುದು ಅಂತ ನೋಡುತ್ತೇವೆ. ಇವನದ್ದು 41. ದೊಡ್ಡವರ ಪಟ್ಟಿಯಲ್ಲಿ ಒಂದೇ ಸ್ಟಾರ್. ಮಕ್ಕಳ ಪಟ್ಟಿಯಲ್ಲಿ ನೋಡಿದರೆ ಶುಗರ್ ಒಂದನ್ನು ಬಿಟ್ಟು ಉಳಿದ ಎಲ್ಲದರ ಮುಂದೆಯೂ ಗುರುತು ಬೀಳುತ್ತೆ.

ಬಿಪಿಯೂ ಅಷ್ಟೇ. 118/78 ನಮಗೆ ಚೆಂದದ ಬಿಪಿ. 11 ವರ್ಷಕ್ಕೆ ಹಾಗಲ್ಲ, ವಯಸ್ಸು, ಎತ್ತರ ನೋಡಿ ಲೆಕ್ಕ ಹಾಕಬೇಕು. ಇವನದ್ದನ್ನು ಇನ್ನೆರಡು ಬೇರೆ ದಿನ ನೋಡಲೇಬೇಕು. ಆದರೆ ಒಂದು ಮಾತು, ಕೈಗೆ ಸುತ್ತುವ ಪಟ್ಟಿ ಸರಿಯಾದ ಅಳತೆಯದ್ದಾಗಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಸುಮ್ನೆ ಜಾಸ್ತಿ ತೋರಿಸುತ್ತೆ. ನನ್ನ ಮೇಜಿನ ಮೇಲೆ ಮೂರು ಅಳತೆಯ ಪಟ್ಟಿ ಇಟ್ಟುಕೊಂಡಿದ್ದೇನೆ. ಎಲ್ಲ ಕಡೆ ಇರಲ್ಲ, ಕೇಳಿ. ಮಗು ಐದು ನಿಮಿಷ ಸುಮ್ಮನೆ ಕೂತಿದ್ದ ಮೇಲೆ ನೋಡಲಿ.

ಇನ್ನು ಕುತ್ತಿಗೆ. ದಯವಿಟ್ಟು ಇವತ್ತಿನಿಂದಲೇ ಉಜ್ಜೋದು ನಿಲ್ಲಿಸಿ. ಅದು ಕೊಳೆ ಅಲ್ಲ. ಬೆರಳಿಟ್ಟು ನೋಡಿ, ಮಖಮಲ್ಲಿನ ಥರ ದಪ್ಪಗೆ, ಮೆತ್ತಗೆ ಇರುತ್ತೆ. ಕಂಕುಳಲ್ಲೂ ಇರಬಹುದು. ರಕ್ತದಲ್ಲಿ ಇನ್ಸುಲಿನ್ ತುಂಬಾ ಜಾಸ್ತಿ ಓಡಾಡುತ್ತಿದ್ದರೆ ಚರ್ಮ ಹೀಗಾಗುತ್ತೆ. ಶುಗರ್ 94 ಬಂದಿದೆ ನಿಜ. ಆದರೆ ಆ 94 ಕಾಯ್ದುಕೊಳ್ಳಲು ಇವನ ದೇಹ ಎರಡು ಪಾಲು, ಮೂರು ಪಾಲು ಇನ್ಸುಲಿನ್ ಸುರಿಯುತ್ತಿರಬಹುದು. ಎಷ್ಟೋ ಸಲ ನಾನು ಟೆಸ್ಟ್ ಬರೆಯೋ ಮೊದಲೇ ಶರ್ಟಿನ ಕಾಲರ್ ಸರಿಸಿ ಕುತ್ತಿಗೆ ನೋಡುತ್ತೇನೆ. ತೂಕ ಇಳಿದ ಹಾಗೆ ಆ ಕಪ್ಪೂ ತಾನಾಗಿ ಇಳಿಯುತ್ತೆ.

ಟೇಪ್ ತಗೊಂಡು ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯಿರಿ, ಮಗು ಉಸಿರು ಬಿಟ್ಟಾಗ. ಎತ್ತರದ ಅರ್ಧ, ಅಂದರೆ 73 ಸೆಂ.ಮೀ.ಗಿಂತ ಒಳಗಿರಬೇಕು. ನನ್ನ ಅಂದಾಜಿನಲ್ಲಿ ಇವನದ್ದು 80 ದಾಟಿರುತ್ತೆ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ, ಲೆಕ್ಕ ಹಾಕಿದರೆ 27.2. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಐಎಪಿ 2015ರಲ್ಲಿ 5ರಿಂದ 18 ವರ್ಷದವರಿಗೆ ಚಾರ್ಟ್ ಕೊಟ್ಟಿದೆ. ಅದರಲ್ಲಿ 11 ವರ್ಷದ ಹುಡುಗನಿಗೆ ಬೊಜ್ಜಿನ ಗೆರೆ ಇದಕ್ಕಿಂತ ಎಷ್ಟೋ ಕೆಳಗಿದೆ.

ಇಷ್ಟು ಚಿಕ್ಕ ವಯಸ್ಸಿಗೆ ನಾಳಕ್ಕೆ ಏನಾದರೂ ಆಗುತ್ತಾ ಅಂದಿರಿ. ಆಗುತ್ತೆ. 1953ರಲ್ಲೇ ಇದು ಮೊದಲು ದೊಡ್ಡದಾಗಿ ಗೊತ್ತಾಗಿದ್ದು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ತೆರೆದು ನೋಡಿದರು. ಸರಾಸರಿ ವಯಸ್ಸು 22. ನೂರಕ್ಕೆ 77 ಜನರ ಹೃದಯದ ನಾಳದಲ್ಲಿ ಆಗಲೇ ರೋಗದ ಗುರುತಿತ್ತು. ಆಮೇಲೆ ಅಮೆರಿಕದ ಲೂಸಿಯಾನಾದ ಬೊಗಲೂಸಾ ಅನ್ನೋ ಚಿಕ್ಕ ಊರಿನ ಮಕ್ಕಳನ್ನು 1973ರಿಂದ ತೂಕ, ಬಿಪಿ, ಕೊಲೆಸ್ಟರಾಲ್ ನೋಡುತ್ತಾ ಬಂದರು. ಅವರಲ್ಲಿ ಅಪಘಾತ ಮತ್ತಿತರ ಕಾರಣಕ್ಕೆ ತೀರಿಕೊಂಡ 2ರಿಂದ 39 ವರ್ಷದ 204 ಜನರ ನಾಳ ಪರೀಕ್ಷೆ ಮಾಡಿ 1998ರಲ್ಲಿ ಪ್ರಕಟಿಸಿದರು. ಬದುಕಿದ್ದಾಗ ತೂಕ, ಬಿಪಿ, ಕೊಬ್ಬು ಜಾಸ್ತಿ ಇದ್ದವರ ನಾಳದಲ್ಲಿ ಹಳದಿ ಗೆರೆಗಳೂ ಗಟ್ಟಿ ಕಲೆಗಳೂ ಜಾಸ್ತಿ ಇದ್ದವು. ಒಂದೇ ಮಗುವಿನಲ್ಲಿ ಎರಡು ಮೂರು ತೊಂದರೆ ಕೂಡಿದ್ದರೆ ಕಲೆ ಇನ್ನೂ ಹೆಚ್ಚು. ನಾನು ಓದುವಾಗ ಈ ಪ್ರಬಂಧದ ಚಿತ್ರಗಳನ್ನು ನೋಡಿ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಒಳಗೆ ಆಗೋದು ಇಷ್ಟು. ಹೊಟ್ಟೆಯೊಳಗಿನ ಕೊಬ್ಬು ಲಿವರ್‌ಗೆ ಸದಾ ಕೊಬ್ಬು ಕಳಿಸುತ್ತಿರುತ್ತೆ. ಲಿವರ್ ಅದನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತೆ, ಒಳ್ಳೆ ಕೊಲೆಸ್ಟರಾಲ್ ಇಳಿಯುತ್ತೆ. ಕೆಟ್ಟ ಕೊಲೆಸ್ಟರಾಲಿನ ಕಣಗಳು ಚಿಕ್ಕದಾಗಿ ನಾಳದ ಗೋಡೆಯೊಳಗೆ ನುಸುಳುತ್ತವೆ. ರಕ್ತದ ಬಿಳಿ ಕಣಗಳು ಬಂದು ಅದನ್ನು ನುಂಗಿ ಅಲ್ಲೇ ಉಳಿದುಬಿಡುತ್ತವೆ. ಜಾಸ್ತಿ ಇನ್ಸುಲಿನ್ ಉಪ್ಪನ್ನು ಹಿಡಿದಿಟ್ಟು ಬಿಪಿ ಏರಿಸುತ್ತೆ. ನೋವಿಲ್ಲ, ಸುಸ್ತಿಲ್ಲ. ಮೂವತ್ತೈದು, ನಲವತ್ತಕ್ಕೆ ಕಾಣಿಸಿಕೊಳ್ಳೋದು ಇದೇ.

2.2 ಕೆ.ಜಿ. ಹುಟ್ಟಿದ್ದ ಅಂದಿರಲ್ಲ, ಅದಕ್ಕೆ ನಮ್ಮ ಮೈಸೂರಿನದ್ದೇ ಒಂದು ಅಧ್ಯಯನ ಇದೆ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅಂತೀವಲ್ಲ, ಹಳೇ ಹೆರಿಗೆ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು, 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕೆ.ಜಿ. ಇಲ್ಲಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ನಾಳದ ಕಾಯಿಲೆ. 7 ಪೌಂಡಿನ, ಅಂದರೆ 3 ಕೆ.ಜಿ.ಗೂ ಮೇಲೆ ಹುಟ್ಟಿದವರಲ್ಲಿ ನೂರಕ್ಕೆ 3. ಸಣ್ಣಗೆ ಹುಟ್ಟಿದ ಮಗುವನ್ನು ಬೇಗ ಬೇಗ ದಪ್ಪ ಮಾಡಿದರೆ ಅದಕ್ಕೆ ಎರಡು ಕಡೆಯಿಂದ ಹೊರೆ ಬೀಳುತ್ತೆ. ಇದನ್ನು ಅತ್ತೆಯವರಿಗೆ ಬೈಯೋ ಥರ ಅಲ್ಲ, ಪ್ರೀತಿಯಿಂದಲೇ ಹೇಳಿ. ಅವರ ಕಾಲದಲ್ಲಿ ಮಕ್ಕಳು ಹೋಗುತ್ತಿದ್ದದ್ದು ಪುಷ್ಟಿ ಇಲ್ಲದೆ. ಅವರ ಭಯ ಸುಳ್ಳಲ್ಲ.

ಈಗ ನಿಮ್ಮ ಕೊನೆ ಪ್ರಶ್ನೆ, ವಾಪಸ್ ಬರುತ್ತಾ ಅನ್ನೋದು. ಬರುತ್ತೆ. ನಾನು ಇಷ್ಟುದ್ದ ಬರೆಯುತ್ತಿರೋದೇ ಈ ಒಂದು ಮಾತಿಗೆ. ಫಿನ್‌ಲ್ಯಾಂಡ್, ಆಸ್ಟ್ರೇಲಿಯಾ, ಅಮೆರಿಕದಲ್ಲಿ ಮಕ್ಕಳಾಗಿದ್ದಾಗಿಂದ ನೋಡಿಕೊಂಡು ಬಂದ 6,328 ಜನರ ಲೆಕ್ಕ 2011ರಲ್ಲಿ ಬಂತು. ಚಿಕ್ಕವರಿದ್ದಾಗ ತೂಕ ಜಾಸ್ತಿ ಇದ್ದು ದೊಡ್ಡವರಾಗುವಷ್ಟರಲ್ಲಿ ಬೊಜ್ಜು ಕಳೆದುಕೊಂಡವರಿಗೆ ಶುಗರ್, ಬಿಪಿ, ಕೊಲೆಸ್ಟರಾಲ್, ಕತ್ತಿನ ನಾಳ ದಪ್ಪವಾಗುವ ಅಪಾಯ, ಎಲ್ಲವೂ ಯಾವತ್ತೂ ದಪ್ಪ ಇರದವರಷ್ಟೇ ಇತ್ತು. ಹಾಂಕಾಂಗಿನಲ್ಲಿ 9ರಿಂದ 12 ವರ್ಷದ 82 ದಪ್ಪ ಮಕ್ಕಳಿಗೆ ಊಟ ಸರಿ ಮಾಡಿ, ಅವರಲ್ಲಿ ಕೆಲವರಿಗೆ ವ್ಯಾಯಾಮವನ್ನೂ ಮಾಡಿಸಿ ನೋಡಿದರು. ಆರು ವಾರಕ್ಕೇ ನಾಳ ಹಿಗ್ಗುವ ಶಕ್ತಿ ಸುಧಾರಿಸಿತು. ವರ್ಷ ಪೂರ್ತಿ ಬಿಡದೆ ವ್ಯಾಯಾಮ ಮಾಡಿದವರಲ್ಲಿ ಕತ್ತಿನ ನಾಳದ ಗೋಡೆಯೂ ತೆಳುವಾಯಿತು. ಐವತ್ತರ ಮನುಷ್ಯನಿಗೆ ಇಷ್ಟು ಸುಲಭವಾಗಿ ಸಿಗದ ಅವಕಾಶ ಇದು.

ಚನ್ನರಾಯಪಟ್ಟಣದವರೇ, ನೀವು ಇಳಿದದ್ದು ಸಂತೋಷ. ನಿಮಗೆ ಸೈಕಲ್ಲೂ ಹೊಲವೂ ಇತ್ತು. ಈ ಮಗುವಿಗೆ ವ್ಯಾನೂ ಟ್ಯೂಷನ್ನೂ ಇದೆ. ಈ ವಯಸ್ಸಿಗೆ ಬೊಜ್ಜಿರುವವರಲ್ಲಿ ಹೆಚ್ಚಿನವರು ತಾವಾಗಿಯೇ ಇಳಿಯುವುದಿಲ್ಲ.

ಹಾಗಂತ ಪಥ್ಯ ಹಾಕಿಸಿ ಮಗುವನ್ನು ಸೊರಗಿಸೋ ಕೆಲಸ ಬೇಡ ಅಮ್ಮಾ. ಇವನ ತೂಕ 58ಕ್ಕೇ ನಿಂತರೆ ಸಾಕು. ಎರಡು ವರ್ಷದಲ್ಲಿ 156 ಸೆಂ.ಮೀ. ಆದ ಅಂದುಕೊಳ್ಳಿ, ಬಿಎಂಐ ಸುಮಾರು 24ಕ್ಕೆ ಬಂತು. ಉದ್ದ ಆದರೆ ಸರಿಹೋಗುತ್ತೆ ಅನ್ನೋ ಅತ್ತೆಯವರ ಮಾತು ನಿಜವಾಗೋದು ತೂಕ ನಿಂತಾಗ ಮಾತ್ರ. ಹಾಲಿಗೆ ಪುಡಿ, ಸಕ್ಕರೆ ಎರಡೂ ನಿಲ್ಲಿಸಿ. ತಂಪು ಪಾನೀಯ ಮನೆಗೆ ತರಲೇಬೇಡಿ, 250 ಎಂಎಲ್ ಕೋಲಾದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತೆ, ಮಗುವಿಗೆ ಒಂದು ದಿನಕ್ಕೆ ಅಷ್ಟೇ ಮಿತಿ. ಬೇಕರಿ ಸಮಸ್ಯೆ ಹಸಿವಿನದ್ದು. ಟ್ಯೂಷನ್ನಿಗೆ ಹೋಗೋ ಮೊದಲೇ ಬಿಸ್ಕೆಟ್ ಬದಲು ಹುರುಳಿಕಾಳು ಇಲ್ಲಾ ಕಡಲೆಕಾಳಿನ ಉಸ್ಲಿ, ಬೇಯಿಸಿದ ಮೊಟ್ಟೆ, ಒಂದು ಹಣ್ಣು ಕೊಟ್ಟು ಕಳಿಸಿ. ನಿಮ್ಮ ಕಡೆ ಮುದ್ದೆ, ಸೊಪ್ಪಿನ ಸಾರು, ಬಸ್ಸಾರು ಇದೆ, ಇದಕ್ಕಿಂತ ಒಳ್ಳೆ ಊಟ ನಾನು ಯಾವ ಪುಸ್ತಕ ನೋಡಿ ಬರೆದುಕೊಡಲಿ? ಅನ್ನ ಎರಡನೇ ಸಲ ಬಡಿಸೋ ಮುಂಚೆ ಪಲ್ಯ ಎರಡನೇ ಸಲ ಹೋಗಲಿ. ಮನೆಯವರೆಲ್ಲ ಅದನ್ನೇ ತಿನ್ನಿ. ಅವನೊಬ್ಬನ ತಟ್ಟೆ ಬೇರೆ ಮಾಡಿದರೆ ಅವನು ಕದ್ದು ತಿನ್ನುತ್ತಾನೆ.

ನಿದ್ದೆ ಆರೂವರೆ, ಏಳು ಗಂಟೆ ಸಾಲದು, ಈ ವಯಸ್ಸಿಗೆ ಕನಿಷ್ಠ 9 ಬೇಕು. ಗೊರಕೆ ಹೊಡೀತಾನಾ? ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಾ? ಅದನ್ನು ತಿಳಿಸಿ. ನಿಮ್ಮ ಯಜಮಾನರ ಕೊಲೆಸ್ಟರಾಲೂ ಈ ವಾರವೇ ಮಾಡಿಸಿ. ಅಣ್ಣನಿಗೆ 41ಕ್ಕೆ ಸ್ಟೆಂಟ್ ಅಂದರೆ ತಮ್ಮನದ್ದೂ ನೋಡಬೇಕು.

ಪಿಟಿ ಮೇಷ್ಟ್ರು, ತುಮಕೂರು:

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೀನಿ. ದಪ್ಪ ಇರೋ ಹುಡುಗರನ್ನು ಗ್ರೌಂಡಿನಲ್ಲಿ ನೋಡಿ. ಟೀಮ್ ಆರಿಸುವಾಗ ಕೊನೆಗೆ ಉಳಿಯೋದು ಅವರೇ. ಆಮೇಲೆ ‘ನೀನು ಅಂಪೈರ್ ಆಗು’ ಅಂತ ನಿಲ್ಲಿಸ್ತಾರೆ. ಅವನು ವರ್ಷವಿಡೀ ನಿಂತೇ ಇರ್ತಾನೆ. ಆಮೇಲೆ ಹೊಟ್ಟೆನೋವು ಅಂತ ಚೀಟಿ ತರ್ತಾನೆ.

ಇವರನ್ನು ಮೊದಲ ದಿನವೇ ಓಡಿಸಬಾರದು. ಮೊಣಕಾಲು ನೋಯುತ್ತೆ, ಎಲ್ಲರೂ ನಗ್ತಾರೆ, ಮರುದಿನ ಬರಲ್ಲ. ನಾನು ಶುರು ಮಾಡೋದು ಬಲದ ಆಟದಿಂದ. ಹಗ್ಗ ಜಗ್ಗಾಟ, ಗುಂಡು ಎಸೆತ, ಕಬಡ್ಡಿಯಲ್ಲಿ ಹಿಡಿಯೋ ಜಾಗ. ಅಲ್ಲಿ ಇವರೇ ಗೆಲ್ತಾರೆ. ಒಂದು ಸಲ ಕ್ಲಾಸೇ ಹೆಸರು ಹಿಡಿದು ಕೂಗಿತು ಅಂದರೆ ಸಾಕು, ನಾಳೆ ನಮಗಿಂತ ಮೊದಲು ಗ್ರೌಂಡಿಗೆ ಬಂದಿರ್ತಾರೆ. ಆಮೇಲೆ ಸೈಕಲ್, ಶಟಲ್, ಈಜು.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ 60 ನಿಮಿಷ ಮೈ ಬೆವರೋ ಚಟುವಟಿಕೆ ಅಂತ ಹೇಳುತ್ತೆ. ವಾರಕ್ಕೆ ಎರಡು ಪೀರಿಯಡ್ಡಲ್ಲಿ ಅದು ಆಗಲ್ಲ. ಅದರಲ್ಲೂ ಒಂದನ್ನು ಗಣಿತಕ್ಕೆ ಬಿಟ್ಟುಕೊಡಬೇಡಿ. ಪೋಷಕರ ಸಭೆಯಲ್ಲಿ ನಾಲ್ಕು ಜನ ತಾಯಂದಿರು ಒಟ್ಟಿಗೆ ಕೇಳಿ. ನಾವು ಮೇಷ್ಟ್ರುಗಳು ಕೇಳಿದರೆ ನಡೆಯಲ್ಲ, ನೀವು ಕೇಳಿದರೆ ನಡೆಯುತ್ತೆ. ಇನ್ನೊಂದು, ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ಮಾಡಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿಯನ್ನು ಶಾಲೆ ಕ್ಯಾಂಟೀನಿನಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಮಾರೋ ಹಾಗಿಲ್ಲ. ಅದನ್ನೂ ಅದೇ ಸಭೆಯಲ್ಲಿ ಎತ್ತಿ.

ಹಾಸನದ ಅಮ್ಮ:

ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು ಮೇಡಂ. ಸೊಂಟ ಅಳೆದೆ, 83. ಗೊರಕೆ ಜೋರಾಗಿಯೇ ಹೊಡೀತಾನೆ, ಮಧ್ಯೆ ಒಂದೊಂದು ಸಲ ನಿಂತು ಆಮೇಲೆ ಏದುಸಿರು ಬಿಡ್ತಾನೆ. ನಾವು ಶೀತ ಅಂದುಕೊಂಡಿದ್ದೆವು. ಇನ್ನೊಂದು ಪ್ರಶ್ನೆ. ಪಕ್ಕದ ಮನೆಯವರು ತೂಕ ಇಳಿಸೋ ಪುಡಿ ಮಾರ್ತಾರೆ, ಮಕ್ಕಳಿಗೂ ಕೊಡಬಹುದು ಅಂತಿದ್ದಾರೆ. ಕೊಡಲಾ? ಕೊಲೆಸ್ಟರಾಲಿಗೆ ಮಾತ್ರೆ ಬೇಕಾಗುತ್ತಾ?

ಮಕ್ಕಳ ಡಾಕ್ಟರ್, ದಾವಣಗೆರೆ:

ಪುಡಿ ಬೇಡವೇ ಬೇಡ. ಒಳಗೆ ಏನಿದೆ ಅಂತ ಮಾರುವವರಿಗೂ ಪೂರ್ತಿ ಗೊತ್ತಿರಲ್ಲ. ಬೆಳೆಯೋ ಮಗುವಿನ ಲಿವರ್ ಮೇಲೆ ಪ್ರಯೋಗ ಮಾಡಬಾರದು, ಅದರಲ್ಲೂ ಇವನ ಎಸ್‌ಜಿಪಿಟಿ ಆಗಲೇ ಏರಿದೆ.

ಎಲ್‌ಡಿಎಲ್ 112ಕ್ಕೆ ಮಾತ್ರೆ ಬೇಕಿಲ್ಲ. 10 ವರ್ಷದ ಮೇಲಿನ ಮಕ್ಕಳಿಗೆ ಊಟ, ಆಟ ಸರಿ ಮಾಡಿದ ಮೇಲೂ 190ರಲ್ಲೇ ಇದ್ದರೆ, ಇಲ್ಲಾ ಮನೆತನದಲ್ಲಿ ಬೇಗ ಹೃದಯರೋಗ ಬಂದಿದ್ದು 160 ದಾಟಿದ್ದರೆ ಆಗ ಮಾತ್ರೆಯ ಮಾತು. ಇವನಿಗೆ ಟ್ರೈಗ್ಲಿಸರೈಡ್ ಇಳಿಯಬೇಕು. ಅದು ಸಕ್ಕರೆ, ಮೈದಾ ನಿಲ್ಲಿಸಿದರೆ ಬೇಗ ಇಳಿಯುತ್ತೆ.

ಗೊರಕೆಯ ವಿಷಯ ತಡ ಮಾಡಬೇಡಿ. ಉಸಿರು ನಿಂತು ನಿಂತು ಬರೋದು ನಿದ್ದೆ ಕೆಡಿಸುತ್ತೆ, ಬಿಪಿಯನ್ನೂ ಏರಿಸುತ್ತೆ. ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಂಡು ಮಕ್ಕಳ ಡಾಕ್ಟರ್‌ಗೆ ತೋರಿಸಿ, ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ನೋಡಲಿ. ಬಿಪಿ ಅಲ್ಲೇ ಸರಿಯಾದ ಪಟ್ಟಿಯಲ್ಲಿ ಇನ್ನೊಮ್ಮೆ ಆಗಲಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಥೈರಾಯ್ಡ್, ಹೊಟ್ಟೆಯ ಸ್ಕ್ಯಾನ್ ಬೇಕಾ ಅಂತ ಅವರನ್ನೇ ಕೇಳಿ. ಮನೆಯಲ್ಲಿ ತೂಕದ ಮೆಷಿನ್ ಇದ್ದರೆ ದಿನಾ ಹತ್ತಿಸಬೇಡಿ, ತಿಂಗಳಿಗೆ ಒಂದು ಸಲ ಸಾಕು. ಅವನ ಎದುರು ಡುಮ್ಮ ಅನ್ನೋ ಮಾತು ಯಾರ ಬಾಯಲ್ಲೂ ಬರದ ಹಾಗೆ ನೋಡಿಕೊಳ್ಳಿ, ನೆಂಟರ ಬಾಯಲ್ಲೂ. ಮೂರು ತಿಂಗಳಾದ ಮೇಲೆ ಖಾಲಿ ಹೊಟ್ಟೆಯಲ್ಲಿ ಅದೇ ಲ್ಯಾಬಿನಲ್ಲಿ ಲಿಪಿಡ್ (ಕೊಲೆಸ್ಟರಾಲ್, ಟ್ರೈಗ್ಲಿಸರೈಡ್) ಮತ್ತು ಎಸ್‌ಜಿಪಿಟಿ ಮತ್ತೆ ಮಾಡಿಸಿ, ಅಂಕಿ ಇಲ್ಲಿ ಹಾಕಿ. ನಾನು ನೋಡುತ್ತೇನೆ.